ಕಾಣದ ಹೊಲಿಗೆ

ಹೋದ ತಿಂಗಳು ಹೊಸಹಳ್ಳಿಯ ನಮ್ಮ ಮನೆಯಲ್ಲಿ ಸೊಸೆ ಮಗುವಿನ ಸ್ವೆಟರ್ ಒಗೆದು ಬಾಲ್ಕನಿಯಲ್ಲಿ ಹರವಿದ್ದಳು. ಬಾಗಿಲು ತೆರೆದೊಡನೆ ಒದ್ದೆ ಉಲ್ಲನ್ನಿನ ವಾಸನೆ ಮೂಗಿಗೆ ಬಡಿಯಿತು. ಮಳೆಯಲ್ಲಿ ನೆನೆದ ಕುರಿಮಂದೆ ಪಕ್ಕದಲ್ಲೇ ಹಾದುಹೋದ ಹಾಗೆ ಒಂಥರಾ ಕಮಟು. ಸೊಸೆ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತುಬಿಟ್ಟೆ. ಹಿಂದಿನ ಮನೆ ಅತ್ತೆಯ ನಡುಮನೆಯಲ್ಲಿ ಚಳಿಗಾಲವಿಡೀ ಇದೇ ವಾಸನೆ ಇರುತ್ತಿತ್ತು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ರಾಜಾಜಿನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂಭಾಗಕ್ಕೆ ಅವರ ಮನೆ. ನಡುವೆ ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಎದೆಮಟ್ಟದ ಒಂದು ಕಾಂಪೌಂಡು. ತುಮಕೂರು ಕಡೆಯವರು, ನಮಗೆ ಬಂಧುಗಳೇನಲ್ಲ. ಆದರೂ ನನಗೆ ಅವರು ಅತ್ತೆ, ಅವರ ಯಜಮಾನರು ಮಾವ. ಮಾವ ಮಿಲಿಟರಿಯಲ್ಲಿದ್ದು ನಿವೃತ್ತರಾಗಿದ್ದರು. ಅವರ ಜೊತೆ ಉತ್ತರದ ಊರುಗಳಲ್ಲಿ ಕಳೆದ ಕಾಲದಲ್ಲಿ ಅತ್ತೆ ಪಂಜಾಬಿ ಹೆಂಗಸರಿಂದ ಸ್ವೆಟರ್ ಹೆಣೆಯುವುದನ್ನು ಕಲಿತು ಬಂದಿದ್ದರು. ಅವರಿಗೆ ಒಬ್ಬಳೇ ಮಗಳು, ನನಗಿಂತ ಸ್ವಲ್ಪ ದೊಡ್ಡವಳು. ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ನಾನಾಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಸೋದರತ್ತೆಯ ಮಗಳೊಬ್ಬಳು ರಜೆಗೆ ಬಂದಾಗ ಹೆಣಿಗೆಯ ಕಡ್ಡಿ ಹಿಡಿಯುವುದನ್ನು ಹೇಳಿಕೊಟ್ಟಿದ್ದಳು. ಅವಳು ಊರಿಗೆ ಹೋದ ಮೇಲೂ ಬಿಡದೆ ಒಂದು ಸ್ವೆಟರಿನ ಮುಂಭಾಗ, ಹಿಂಭಾಗ, ತೋಳುಗಳನ್ನೆಲ್ಲ ಹೆಣೆದು ಮುಗಿಸಿದೆ. ಆದರೆ ಅವನ್ನು ಜೋಡಿಸುವುದು ಹೇಗೆಂದು ಗೊತ್ತಿರಲಿಲ್ಲ. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಒಂದು ದಿನ ಅಮ್ಮ ರೇಗಿದಳು. "ಪೆಟ್ಟಿಗೇಲಿಟ್ಟು ಹುಳಕ್ಕೆ ಹಾಕ್ತೀಯಾ? ಹೋಗಿ ಹಿಂದಿನ ಮನೆಯವರನ್ನ ಕೇಳು."

ಅತ್ತೆ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಂಬಳಿಯೊಂದನ್ನು ಮಡಿಸಿ ನೆಲಕ್ಕೆ ಹಾಸಿ, ಒಂದೊಂದು ತುಂಡನ್ನೂ ಬೋರಲಾಗಿ ಮಲಗಿಸಿ, ಅಂಚಿಗೆ ಗುಂಡುಪಿನ್ನು ಚುಚ್ಚಿ, ಮೇಲೆ ಒದ್ದೆ ಪಂಚೆ ಹೊದಿಸಿದರು. "ಮೊದ್ಲು ಇವು ತಮ್ಮ ಅಳತೆಗೆ ಬಂದು ಕೂತ್ಕೋಬೇಕು. ಅವಸರ ಮಾಡಬೇಡ," ಎಂದರು. ಮಾರನೆಯ ದಿನ ಹೊಲಿಗೆ ಶುರುವಾಯಿತು. ಎರಡು ಅಂಚುಗಳನ್ನೂ ಪಕ್ಕಪಕ್ಕಕ್ಕಿಟ್ಟು, ಅಂಚಿನ ಹೆಣಿಗೆಗೂ ಅದರ ಪಕ್ಕದ ಹೆಣಿಗೆಗೂ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಹೋಗುವ ಎಳೆಯನ್ನು ಸೂಜಿಯಲ್ಲಿ ಎತ್ತಬೇಕು. ಈ ಕಡೆಯದೊಂದು, ಆ ಕಡೆಯದೊಂದು. ಸ್ವಲ್ಪ ದೂರ ಹೀಗೆ ಹೋಗಿ ದಾರವನ್ನು ಮೆಲ್ಲಗೆ ಎಳೆದರೆ ಅಂಚುಗಳೆರಡೂ ಒಳಗೆ ಹೊರಳಿಕೊಂಡು ಮುಚ್ಚಿಹೋಗುತ್ತವೆ. ಹೊಲಿಗೆಯೇ ಕಾಣುವುದಿಲ್ಲ. ಮೊದಲ ಸಲ ಅದು ನನ್ನ ಕೈಯಲ್ಲಿ ಆದಾಗ ನಾನು ಚಪ್ಪಾಳೆ ತಟ್ಟಿದ್ದೆ. ಕೊನೆಯ ದಾರಗಳಿಗೆ ಗಂಟು ಹಾಕಬಾರದು, ಹಿಂಬದಿಯಲ್ಲೇ ಹೆಣಿಗೆಯೊಳಗೆ ಓಡಿಸಿ ಮರೆಸಬೇಕು ಎಂಬುದನ್ನೂ, ಕತ್ತಿನ ಪಟ್ಟಿ ಹೆಣೆಯಲು ಅಂಚಿನ ಸುತ್ತ ಹೊಸದಾಗಿ ಹೆಣಿಗೆ ಎತ್ತಿಕೊಳ್ಳುವುದನ್ನೂ ಅವರೇ ಕಲಿಸಿದರು.

ಅತ್ತೆಗೆ ನನ್ನ ಕೈ ಬಹಳ ಹಿಡಿಸಿಬಿಟ್ಟಿತು. ಯಾರು ಬಂದರೂ ತೋರಿಸುತ್ತಿದ್ದರು. ಅಕ್ಕ ಸಂಜೆ ಬಸ್ಸಿಳಿದು ಬಂದು ಚಪ್ಪಲಿ ಬಿಡುವಷ್ಟರಲ್ಲೇ, "ನೋಡೇ, ಇವತ್ತು ಇವಳು ತೋಳು ಕೂರಿಸಿದಾಳೆ. ನಿನಗೆ ಚಿಕ್ಕೋಳಿದ್ದಾಗಿಂದ ಹೇಳ್ಕೊಡ್ತಾನೇ ಇದೀನಿ..." ಎಂದು ಶುರುಮಾಡುತ್ತಿದ್ದರು. ಅಕ್ಕ ನಕ್ಕು ಕೈಕಾಲು ತೊಳೆಯಲು ಹೋಗುತ್ತಿದ್ದಳು. ಟೈಪ್ ಮಾಡಲು ಕೂತರೆ ಚಕಚಕನೆ ಓಡುವ ಅವಳ ಬೆರಳುಗಳು ಕಡ್ಡಿ ಹಿಡಿದರೆ ಬಿಗಿದುಕೊಳ್ಳುತ್ತಿದ್ದವು. ನನಗೋ ಹೊಗಳಿಕೆಯ ರುಚಿ ಹತ್ತಿತ್ತು. ಮನೆಯ ಕೆಲಸ ಮುಗಿಯುವುದನ್ನೇ ಕಾದು ಆ ನಡುಮನೆಗೆ ಓಡುತ್ತಿದ್ದೆ.

ಒಂದು ಭಾನುವಾರ ಅತ್ತೆ ಗಂಡಸರ ಸ್ವೆಟರೊಂದನ್ನು ನನ್ನ ಮುಂದಿಟ್ಟರು. ಬೂದು ಬಣ್ಣದ್ದು, ಆಗಲೇ ಹೊಲಿದು ಮುಗಿಸಿದ್ದು. "ಇದನ್ನ ಬಿಚ್ಚಿ ಬೇರೆ ಹೊಲಿ," ಎಂದರು. ತಿರುಗಿಸಿ ನೋಡಿದೆ. ಪಕ್ಕೆಯುದ್ದಕ್ಕೂ ಹೊಲಿಗೆ ಬದುವಿನ ಹಾಗೆ ಉಬ್ಬಿಕೊಂಡಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಅತ್ತೆ, ಯಾರು ಹೊಲಿದಿದ್ದು ಇದನ್ನ? ಗೋಣಿಚೀಲದ ಬಾಯಿ ಹೊಲಿದಂಗಿದೆ!"

ಅತ್ತೆ ಕನ್ನಡಕ ಹಾಕಿಕೊಂಡು ಕತ್ತರಿ ಹುಡುಕತೊಡಗಿದರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಮಗೆಂದು ಕಾಫಿ ಹಿಡಿದು ನಿಂತಿದ್ದಳು. ಮೆಲ್ಲಗೆ ಬಂದು ಲೋಟ ನನ್ನ ಪಕ್ಕದಲ್ಲಿಟ್ಟು, "ಆರೋಗತ್ತೆ, ಕುಡಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಆಗಲೂ ನನಗೆ ಹೊಳೆಯಲಿಲ್ಲ. ಕಾಫಿ ಕುಡಿದು ಖುಷಿಯಾಗಿ ಬಿಚ್ಚಿದೆ, ಖುಷಿಯಾಗಿ ಹೊಲಿದೆ.

ಚಳಿ ಜೋರಾದಾಗ ಒಂದು ಬೆಳಿಗ್ಗೆ ಮಾವ ಅದೇ ಸ್ವೆಟರ್ ತೊಟ್ಟು ಕಾಂಪೌಂಡಿನ ಬಳಿ ಬಂದರು. ಅವರಿಗೆ ಉಬ್ಬಸ. ಆ ಕಾಲದ ಬೆಂಗಳೂರಿನ ಡಿಸೆಂಬರ್ ಅವರನ್ನು ಹಿಂಡಿಹಾಕುತ್ತಿತ್ತು. ಈಚೆ ಕಡೆ ನನ್ನ ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮಪ್ಪನಿಗೆ ಕೈಯೆತ್ತಿ ಪಕ್ಕೆ ತೋರಿಸಿದರು. "ನೋಡಿ ಸಾರ್, ನನ್ನ ಮಗಳು ಆಫೀಸಿಂದ ಬಂದು ಬಂದು ಹೆಣೆದಿದ್ದು. ಎಲ್ಲಿ ಜೋಡಿಸಿದಾಳೆ ಅಂತ ಹುಡುಕಿ ನೋಡೋಣ!"

ಒಗೆಯುವ ಕಲ್ಲಿನ ಹತ್ತಿರ ಬಗ್ಗಿದ್ದ ಅಕ್ಕ ತಲೆಯೆತ್ತಲಿಲ್ಲ. "ಜೋಡಿಸಿದ್ದು ನಾನಲ್ಲಪ್ಪ, ಅವಳು," ಎಂದಳು.

ಮಾವನ ಕೈ ಕೆಳಗಿಳಿಯಿತು. ಒಂದು ಗಳಿಗೆ ಮಗಳ ಬೆನ್ನನ್ನು ನೋಡಿದರು. ಆಮೇಲೆ, ಒಳ್ಳೆಯವರು, ನನ್ನ ಕಡೆ ತಿರುಗಿ "ಭೇಷ್ ಕಣಮ್ಮಾ," ಎಂದರು. ನನಗೆ ಎಲ್ಲವೂ ಅರ್ಥವಾದದ್ದು ಆಗ. ಕಾಂಪೌಂಡು ಸುತ್ತಿ ಹೋಗಿ ಅಕ್ಕನ ಪಕ್ಕ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ: ಮುಖ ಬಿಸಿಯಾಗಿದ್ದರೂ ಆ 'ಭೇಷ್' ನನಗೆ ಹಿತವಾಗಿತ್ತು.

ಅಕ್ಕ ಮತ್ತೆ ಕಡ್ಡಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ನನ್ನ ಮೇಲೆ ಕೋಪ ಮಾಡಿಕೊಂಡಳೇ ಎಂದರೆ ಅದೂ ಇಲ್ಲ. ಮಾತಾಡುತ್ತಿದ್ದಳು, ಹೂವು ಕಟ್ಟಿದರೆ ನನಗೊಂದು ತುಂಡು ಎತ್ತಿಡುತ್ತಿದ್ದಳು. ನಾನಿರುವಾಗ ನಡುಮನೆಯಲ್ಲಿ ಮಾತ್ರ ಕೂರುತ್ತಿರಲಿಲ್ಲ. ಆಮೇಲೆ ಅವಳು ಮದುವೆಯಾಗಿ ಶಿವಮೊಗ್ಗದ ಕಡೆ ಹೋದಳು. ನಾನು ಮದುವೆಯಾಗಿ ವಿಜಯನಗರ ಸೇರಿದೆ. ಒಂದು ಚಳಿಗಾಲದಲ್ಲಿ ಮಾವ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದು ಹೊರಡುವಾಗ ಅಕ್ಕ ಕೇಳಿದ್ದು ಅದೊಂದನ್ನೇ: ಅಪ್ಪನ ಆ ಬೂದು ಸ್ವೆಟರ್.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅತ್ತೆಯನ್ನು ನೋಡಲು ಹೋದೆ. ಮಗಳ ಮನೆಯಲ್ಲಿ ಕೆಲವು ದಿನ ಇದ್ದು ಬಂದಿದ್ದರು. ಬಾಗಿಲ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂತಿದ್ದರು. ನಾನು ಅವರನ್ನು ಬರಿಗೈಯಲ್ಲಿ ನೋಡಿದ್ದು ಅದೇ ಮೊದಲು. ಅದೂ ಇದೂ ಮಾತಾಡಿ, ಇದ್ದಕ್ಕಿದ್ದ ಹಾಗೆ ಹೇಳಿದರು.

"ಅವರ ಸ್ವೆಟರ್ ಬಿಚ್ಚಿದಾಳೆ ಕಣೇ. ಹೆಣಿಗೆ ಅಲ್ಲ, ಹೊಲಿಗೆ ಮಾತ್ರ. ಎಲ್ಲಾ ಬಿಚ್ಚಿ ತಾನೇ ಹೊಲಿದು ಇಟ್ಕೊಂಡಿದಾಳೆ. ಮೊದ್ಲು ಹೆಂಗಿತ್ತೋ ಹಂಗೇ... ಉಬ್ಬುಬ್ಬಾಗಿ."

ನಾನು ಮೆಟ್ಟಿಲ ಮೇಲೆ ಅವರ ಹತ್ತಿರಕ್ಕೆ ಸರಿದೆ.

"ನೀನು ಕೇಳ್ದೆಯಲ್ಲ ಅವತ್ತು, ಯಾರು ಹೊಲಿದಿದ್ದು ಅಂತ. ನನ್ನ ಮಗಳು ಅಂತ ಹೇಳೋಕೆ ನಂಗೇ ನಾಚಿಕೆಯಾಯ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. "ಅವಳು ಬಾಗಿಲಲ್ಲೇ ಇದ್ಳು. ನಂಗೆ ಗೊತ್ತಿತ್ತು."

ನಾನು ಅವರ ಕೈ ಹಿಡಿದುಕೊಂಡು ಕೂತೆ. ನನ್ನದೂ ತಪ್ಪಿದೆ ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು...

ಅತ್ತೆ ಹೋಗಿ ಬಹಳ ವರ್ಷಗಳಾದವು. ಸುದ್ದಿ ನನಗೆ ತಡವಾಗಿ ತಲುಪಿತು. ಅಷ್ಟರಲ್ಲಿ ಅಕ್ಕ ಬಂದು, ಮನೆ ಖಾಲಿ ಮಾಡಿಕೊಂಡು ಹೊರಟುಹೋಗಿದ್ದಳು. ಈಗ ಅಲ್ಲಿ ಎರಡೂ ಮನೆಗಳಿಲ್ಲ, ಮಹಡಿಯ ಮೇಲೆ ಮಹಡಿ ಎದ್ದಿದೆ. ಅಕ್ಕ ಎಲ್ಲಿದ್ದಾಳೆಂದು ಹೇಳುವವರು ಯಾರೂ ಸಿಗಲಿಲ್ಲ. ನಾನು ಕೇಳಿದ ನಾಲ್ಕಾರು ಜನ ಆ ಕುಟುಂಬವನ್ನೇ ಮರೆತಿದ್ದರು.

ಒಂದು ವೇಳೆ ಸಿಕ್ಕರೂ ಏನೆಂದು ಕ್ಷಮೆ ಕೇಳಲಿ? ಹರೆಯದಲ್ಲಿ ಒಮ್ಮೆ ನಕ್ಕಿದ್ದಕ್ಕೇ? ಅದೆಲ್ಲ ಅವಳಿಗೆ ಎಲ್ಲಿ ನೆನಪಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಆ ಸ್ವೆಟರಿಗೆ ನಾನು ಹಾಕಿದ ಹೊಲಿಗೆ ಎಂಥದೆಂದು ನನಗೆ ಗೊತ್ತು. ದಾರ ಎಲ್ಲಿದೆಯೆಂದೇ ಕಾಣುವುದಿಲ್ಲ. ಹೆಣಿಗೆ ಕಡಿಯದ ಹಾಗೆ ಅದನ್ನು ಹುಡುಕಿ, ಎಳೆ ಎಳೆಯಾಗಿ ಬಿಚ್ಚುವುದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಮರೆತವರು ಅಷ್ಟು ತಾಳ್ಮೆಯಿಂದ ಬಿಚ್ಚುವುದಿಲ್ಲ.