ಗಿರಿಜಕ್ಕೋರ ನೆಂಟರು

ಹಾಜರಿ ಕರೆಯುವ ಮಾಸ್ತರರೆಲ್ಲ ಎದುರಿಗೆ ಕೂತವರ ತಲೆ ಎಣಿಸುತ್ತಾರೆ. ನಮ್ಮ ಗಿರಿಜಕ್ಕೋರು ತರಗತಿಗೆ ಕಾಲಿಟ್ಟ ಕೂಡಲೇ ಹುಡುಕುತ್ತಿದ್ದದ್ದು ನಿನ್ನೆ ಬಾರದೆ ಇವತ್ತು ಬಂದವರನ್ನು. ಕೊಡೆಯನ್ನು ಕಿಟಕಿಯ ಸರಳಿಗೆ ನೇತುಹಾಕಿ, ಸೆರಗಿನಿಂದ ಬೆವರು ಒರೆಸಿಕೊಂಡು, "ಇವತ್ತು ನೆಂಟ್ರು ಯಾರು?" ಎಂದು ಕೇಳುತ್ತಿದ್ದರು. ಹಿಂದಿನ ದಿನ ಶಾಲೆ ತಪ್ಪಿಸಿದವನು ಬೇರೆಯವರ ಪಿರಿಯಡ್ಡಿನಲ್ಲಿ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಅಕ್ಕೋರ ಗಣಿತದ ಪಿರಿಯಡ್ಡಿನಲ್ಲಿ ಮಾತ್ರ ಅವನಿಗೆ ಅವರ ಸ್ವಂತ ಕುರ್ಚಿ. ಅವನು ರಾಜನ ಹಾಗೆ ಅದರಲ್ಲಿ ಕೂರಬೇಕು, ನಾವು ಒಬ್ಬೊಬ್ಬರಾಗಿ ಎದ್ದು ನಿನ್ನೆಯ ಪಾಠವನ್ನು ಅವನಿಗೆ ಹೇಳಬೇಕು. ಅಕ್ಕೋರು ಕಿಟಕಿಯ ಕಟ್ಟೆಯ ಮೇಲೆ ಕೂತು ಹೊರಗೆ ನೋಡುತ್ತಿರುತ್ತಿದ್ದರು. ಅವನಿಗೆ ಗೊತ್ತಾಗುವ ತನಕ ಹೊಸ ಪಾಠ ಇಲ್ಲ.

"ನೆಂಟ್ರಿಗೆ ಬಡಿಸದೆ ಮನೆಯವ್ರು ಊಟಕ್ಕೆ ಕೂರೂ ಕ್ರಮ ಎಲ್ಲಾದ್ರೂ ಅದೆಯಾ?" ಎನ್ನುತ್ತಿದ್ದರು.

ನಮ್ಮ ಕಡೆ ಶಿಕ್ಷಕಿಯರೆಂದರೆ ಅಕ್ಕೋರು. ಗಿರಿಜಕ್ಕೋರ ಮನೆ ಹೊನ್ನಾವರದಲ್ಲಿ, ಶಾಲೆ ಭಟ್ಕಳದ ಹತ್ತಿರ. ದಿನಾ ಶರಾವತಿ ಸೇತುವೆ ದಾಟಿ ಬಸ್ಸಿನಲ್ಲಿ ಬರುತ್ತಿದ್ದರು. ಗಿಡ್ಡ ಆಳು, ದೊಡ್ಡ ದನಿ, ಮುಡಿಯಲ್ಲಿ ಯಾವಾಗಲೂ ಅಬ್ಬಲಿಗೆ ಹೂವು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಎಂತ, ತಲೆಯಾ ಎಳನೀರು ಬೊಂಡವಾ? ಒಳಗೆ ಬರೀ ನೀರಾ?" ಎಂದು ಬೈದರೆ ಬೈಸಿಕೊಂಡವನೂ ನಗುತ್ತಿದ್ದ. ಬೆತ್ತ ಹಿಡಿದದ್ದನ್ನು ನಾನು ನೋಡಿದವಳಲ್ಲ.

ನೆಂಟರಿಗೇನೂ ಬರಗಾಲ ಇರಲಿಲ್ಲ. ಬಂದರಿನಲ್ಲಿ ಒಳ್ಳೆಯ ಮೀನು ಬಿದ್ದ ದಿನ ಅರ್ಧ ಹುಡುಗರು ಬುಟ್ಟಿ ಹೊರಲು ಹೋಗುತ್ತಿದ್ದರು. ಊರಲ್ಲಿ ಯಕ್ಷಗಾನ ಇದ್ದರೆ ಮರುದಿನ ಹಿಂದಿನ ಸಾಲು ಖಾಲಿ. ಹುಡುಗಿಯರಲ್ಲಿ ಕೆಲವರು ತಿಂಗಳಿಗೆ ಮೂರು ದಿನ ಮನೆಯಲ್ಲೇ ಉಳಿಯುತ್ತಿದ್ದರು. ಯಾಕೆ ಬರಲಿಲ್ಲವೆಂದು ಗಿರಿಜಕ್ಕೋರು ಯಾರನ್ನೂ ಕೇಳುತ್ತಿರಲಿಲ್ಲ. ಬಂದವರನ್ನು "ಬಂದ್ರಲ್ಲ, ಬನ್ನಿ" ಎಂದು ಕರೆದು ಕೂರಿಸುವುದಷ್ಟೇ ಅವರಿಗೆ ಗೊತ್ತಿದ್ದದ್ದು.

ನೆಂಟರಿಗೂ ಒಂದು ನಿಯಮವಿತ್ತು. ನಮ್ಮ ಊಟದ ಪಂಕ್ತಿಯಲ್ಲಿ ಹಸಿವಿದ್ದರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು ಸಾಕು" ಎನ್ನುವುದು ಮರ್ಯಾದೆ. ತರಗತಿಯಲ್ಲೂ ನಾವು ಅದನ್ನೇ ಮಾಡುತ್ತಿದ್ದೆವು. ಮಾಸ್ತರರು ಗೊತ್ತಾಯಿತಾ ಎಂದು ಕೇಳಿದ ತಕ್ಷಣ ಇಡೀ ಕ್ಲಾಸು ತಲೆಯಾಡಿಸುತ್ತಿತ್ತು. ಗೊತ್ತಾಗಿಲ್ಲ ಎಂದರೆ ಪಾಪ, ಅವರಿಗೆ ಬೇಜಾರಾಗುತ್ತದಲ್ಲ! ಈ ತಲೆಯಾಟ ಕಂಡರೆ ಗಿರಿಜಕ್ಕೋರಿಗೆ ಮೈಯೆಲ್ಲ ಉರಿಯುತ್ತಿತ್ತು. "ದಾಕ್ಷಿಣ್ಯ ಊಟಕ್ಕೆ ಇಟ್ಕಳಿ. ಇಲ್ಲಿ ಹೊಟ್ಟೆ ತುಂಬದೆ ಸಾಕು ಅಂದವ್ರನ್ನ ನಾ ಏಳೂಕೆ ಬಿಡೂದಿಲ್ಲ" ಎನ್ನುತ್ತಿದ್ದರು. ಕುರ್ಚಿಯಲ್ಲಿ ಕೂತವನು ಸುಮ್ಮನೆ ತಲೆಯಾಡಿಸಿದನೋ, ಕಿಟಕಿಯಿಂದಲೇ ಒಂದು ಲೆಕ್ಕ ಎಸೆಯುತ್ತಿದ್ದರು. ಅವನು ತಡವರಿಸಿದರೆ ಮರ್ಯಾದೆ ಹೋಗುತ್ತಿದ್ದದ್ದು ಅವನದಲ್ಲ, ಬಡಿಸಿದ ನಮ್ಮದು.

ಕುರ್ಚಿಯ ಆಸೆಗೆ ಒಮ್ಮೆ ಹಿಂದಿನ ಸಾಲಿನ ಹುಡುಗರೆಲ್ಲ ಮಾತಾಡಿಕೊಂಡು ಒಂದೇ ದಿನ ರಜೆ ಮಾಡಿದರು. ಮರುದಿನ ಮುಗುಮ್ಮಾಗಿ ಸಾಲಾಗಿ ಬಂದು ನಿಂತರು. ಅವರ ಮುಂದಾಳು ಗಣಪತಿ. ಅಕ್ಕೋರು ಅವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಷ್ಟು ನೆಂಟ್ರಾ? ಮದ್ವೆ ಮನೆ ಆತು ಹಾಂಗಾರೆ. ಮದ್ವೆ ಮನೇಲಿ ಹತ್ತಿರದ ನೆಂಟ್ರು ಎಂತ ಮಾಡ್ತ್ರು ಗಣಪತಿ?"

"ಬಡಿಸ್ತ್ರು ಅಕ್ಕೋರೇ," ಎಂದ ಗಣಪತಿ, ತಾನು ಸಿಕ್ಕಿಬಿದ್ದದ್ದು ಗೊತ್ತಾಗದೆ.

"ಹಾಂ. ನೀವೆಲ್ಲ ಹತ್ತಿರದವ್ರೇ. ಸೊಂಟಕ್ಕೆ ಪಂಚೆ ಕಟ್ಟಿ. ಈ ವಾರ ಪೂರ್ತಿ ಬಡಿಸೂದು ನೀವು."

ಆ ವಾರ ಆ ಹುಡುಗರು ಓದಿದಷ್ಟು ತಮ್ಮ ಜನ್ಮದಲ್ಲಿ ಓದಿರಲಿಕ್ಕಿಲ್ಲ. ಮತ್ತೆ ಯಾರೂ ಕುರ್ಚಿಗಾಗಿ ಶಾಲೆ ತಪ್ಪಿಸಲಿಲ್ಲ.

ಹೆಡ್‌ಮಾಸ್ತರರಿಗೆ ಮಾತ್ರ ಇದೆಲ್ಲ ಕಣ್ಣಿಗೆ ಹೊಗೆ ಹೋದ ಹಾಗೆ. ವೆರಾಂಡದಲ್ಲಿ ಹಾದುಹೋಗುವಾಗ ಅವರಿಗೆ ಕಾಣುತ್ತಿದ್ದದ್ದು ಕುರ್ಚಿಯಲ್ಲಿ ಹುಡುಗ, ಕಿಟಕಿಯಲ್ಲಿ ಶಿಕ್ಷಕಿ, ಬೋರ್ಡಿನ ಮುಂದೆ ಜಗಳ. "ಹತ್ತನೇ ಇಯತ್ತೆ ಮೇಡಂ ಇದು. ಪೋರ್ಷನ್ ಯಾವಾಗ ಮುಗಿಸ್ತೀರಿ?" ಎಂದು ನಮ್ಮೆದುರಿಗೇ ಕೇಳಿದ್ದರು. "ಪೋರ್ಷನ್ ಮುಗಿಸೂದು ನಂಗೆ ಒಂದು ತಿಂಗಳ ಕೆಲ್ಸ ಸರ್. ಮಕ್ಕಳಿಗೆ ಅಷ್ಟು ಬೇಗ ಮುಗೀತಿಲ್ಲ" ಎಂದು ಅಕ್ಕೋರು ನಯವಾಗಿಯೇ ಉತ್ತರ ಕೊಟ್ಟಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಅಮ್ಮ ಬಂದರಿನ ಒದ್ದೆ ನೆಲದಲ್ಲಿ ಮೀನಿನ ಬುಟ್ಟಿ ಸಮೇತ ಜಾರಿಬಿದ್ದು ಕಾಲು ಮುರಿದುಕೊಂಡಳು. ಅಪ್ಪ ಬೋಟಿಗೆ ಹೋಗುವವನು. ತಮ್ಮ ಇನ್ನೂ ಎದ್ದು ಬಿದ್ದು ನಡೆಯುವ ಮಗು. ಮನೆ ನನ್ನ ತಲೆಗೆ ಬಂತು. ಮೊದಲು ಒಂದು ವಾರ ಎಂದುಕೊಂಡೆ. ಆಮೇಲೆ ಒಂದು ತಿಂಗಳೂ ದಾಟಿತು. ನಮ್ಮ ಓಣಿಯಲ್ಲಿ ಹೀಗೆ ಮನೆಯಲ್ಲಿ ಉಳಿದ ಹುಡುಗಿಯರು ಬೇಕಷ್ಟಿದ್ದರು; ತಿರುಗಿ ಶಾಲೆಗೆ ಹೋದವಳು ಒಬ್ಬಳೂ ಇರಲಿಲ್ಲ. ಮೊದಮೊದಲು ಶಾಲೆಯ ಗಂಟೆ ಕೇಳಿದರೆ ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಬರಬರುತ್ತಾ ಅದೂ ನಿಂತಿತು. ಇನ್ನು ಹೋದರೂ ಏನೂ ತಿಳಿಯದೆ ಕಲ್ಲಿನ ಹಾಗೆ ಕೂರಬೇಕಲ್ಲ ಎಂಬ ನಾಚಿಕೆ ಬೇರೆ. ಯೂನಿಫಾರ್ಮನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಡುವ ಮಾತೂ ಆಗಿತ್ತು.

ಒಂದು ಶನಿವಾರ ಮಧ್ಯಾಹ್ನ ಗಿರಿಜಕ್ಕೋರು ತೆಂಗಿನಗುಂಡಿ ಬಂದರಿನ ಹತ್ತಿರದ ನಮ್ಮ ಅಂಗಳಕ್ಕೆ ಬಂದು ನಿಂತರು. ನಾನು ತೊಳೆಯುತ್ತಿದ್ದ ಅಕ್ಕಿ ಅಲ್ಲೇ ಬಿಟ್ಟು ಬಾಗಿಲ ಹಿಂದೆ ಸೇರಿಕೊಂಡೆ. ಅಪ್ಪ ಜಗಲಿಯಲ್ಲಿ ಹರಿದ ಬಲೆ ಹೊಲಿಯುತ್ತಿದ್ದವನು ಎದ್ದು ಚಾಪೆ ಹಾಕಿ ಮತ್ತೆ ಬಲೆ ಹಿಡಿದ. ಕೇಳುವ ಮೊದಲೇ ತನ್ನ ಉತ್ತರ ಹೇಳಿಬಿಟ್ಟ.

"ಎಂತ ಮಾಡೂದು ಅಕ್ಕೋರೇ, ಮನೆ ನೋಡೂವವ್ರು ಯಾರೂ ಇಲ್ಲ. ಬರೂ ವರ್ಷ ಕಟ್ಲಿ ಪರೀಕ್ಷೆ."

ಮಗಳ ಭವಿಷ್ಯ, ಹೆಣ್ಣುಮಕ್ಕಳ ವಿದ್ಯೆ ಎಂದೆಲ್ಲ ಅಕ್ಕೋರು ಭಾಷಣ ಮಾಡುತ್ತಾರೆಂದು ನಾನು ಕಾದೆ. ಅವರು ಆ ಸುದ್ದಿಯನ್ನೇ ಎತ್ತಲಿಲ್ಲ. ಕೊಟ್ಟ ನೀರು ಕುಡಿದು, "ನಾ ಅದ್ಕೆ ಬಂದದ್ದಲ್ಲ. ನಂದೇ ಒಂದು ಕಷ್ಟ ಅದೆ" ಎಂದರು. "ನನ್ನ ಕ್ಲಾಸಲ್ಲಿ ಒಬ್ರನ್ನ ಬಿಟ್ಟು ಮುಂದೆ ಹೋಗೂ ಕ್ರಮ ಇಲ್ಲ. ಮಾದೇವಿ ಬರದೆ ಪಾಠ ನಿಂತದೆ. ಹೆಡ್‌ಮಾಸ್ತ್ರು ಮೆಮೋ ಕೊಡ್ತೆ ಹೇಳಿ ಕೂತಿದ್ರು. ನಾ ಎಂತ ಮಾಡ್ಲಿ, ನೀವೇ ಹೇಳಿ."

ಅಪ್ಪನ ಕೈಯಲ್ಲಿದ್ದ ಸೂಜಿ ನಿಂತಿತು. ನನ್ನ ಓದಿನ ಬಗ್ಗೆ ಹೇಳಿದ್ದರೆ ಅವನು ಒಂದಂಗುಲವೂ ಜಗ್ಗುತ್ತಿರಲಿಲ್ಲ. ಆದರೆ ಮನೆಬಾಗಿಲಿಗೆ ಬಂದು ಕಷ್ಟ ಹೇಳಿಕೊಂಡವರನ್ನು ಬರಿಗೈಯಲ್ಲಿ ಕಳಿಸುವುದು ಅವನ ಜಾಯಮಾನದಲ್ಲಿ ಇರಲಿಲ್ಲ. ಅಕ್ಕೋರಿಗೆ ಇದು ಹೇಗೆ ತಿಳಿಯಿತೋ!

"ನಮ್ಮಿಂದ ನಿಮ್ಗೆ ತೊಂದ್ರೆ ಆಗೂದು ಬ್ಯಾಡ," ಎಂದ ಅಪ್ಪ ಬಲೆಯನ್ನು ಬದಿಗಿಟ್ಟು. "ಅರ್ಧ ದಿನ ಕಳ್ಸಿದ್ರೆ ಆತಾ?"

"ಧಾರಾಳ ಆತು. ಗಣಿತ ನಾ ಬೆಳಿಗ್ಗೆ ಇಟ್ಕಳ್ತೆ."

ಒಳಗಿನಿಂದ ಅಮ್ಮ ಮಲಗಿದಲ್ಲೇ, "ಮಗೂನ್ನ ನನ್ನ ಹತ್ರ ಬಿಡ್ಲಿ, ಕೈ ಗಟ್ಟಿ ಅದೆಯಲ್ಲ ನಂಗೆ" ಎಂದು ಕೂಗಿ ಹೇಳಿದಳು. ಬಾಗಿಲ ಹಿಂದೆ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ.

ಸೋಮವಾರ ಹೋದರೆ ಕುರ್ಚಿ ಖಾಲಿ ಇಟ್ಟು ಕಾಯುತ್ತಿದ್ದರು. ಪಾಠ ನಿಂತದ್ದು ಸುಳ್ಳಾಗಿರಲಿಲ್ಲ. ನಾನು ಇವತ್ತೋ ನಾಳೆಯೋ ಬರುತ್ತೇನೆಂದು ಒಂದಿಷ್ಟು ಪಾಠ ಮುಗಿಸಿದ್ದರೂ, ಮುಂದೆ ತ್ರಿಕೋನಮಿತಿ ಶುರು ಮಾಡದೆ, ನಾನು ತಪ್ಪಿಸಿಕೊಂಡ ಪಾಠಗಳನ್ನೆಲ್ಲ ಅಕ್ಕೋರು ಕ್ಲಾಸಿನವರಿಗೆ ಹಂಚಿಕೊಟ್ಟಿದ್ದರು. ವರ್ಗ ಸಮೀಕರಣ ಸಫಿಯಾಳ ಪಾಲಿಗೆ ಬಂದಿತ್ತು. ಭಟ್ಕಳದ ನವಾಯತ ಮನೆಯ ಹುಡುಗಿ ಅವಳು, ಮನೆಯಲ್ಲಿ ಬೇರೆ ಮಾತು, ಕನ್ನಡ ತಪ್ಪಾದರೆ ನಗುತ್ತಾರೆಂದು ಮೂರು ವರ್ಷ ಕ್ಲಾಸಿನಲ್ಲಿ ತುಟಿ ಬಿಚ್ಚಿದವಳಲ್ಲ. ಬೋರ್ಡಿನ ಮುಂದೆ ನಿಂತು, "ಇದು ಆ ಕಡೆ ಹೋದ್ರೆ ಚಿಹ್ನೆ ಬದಲಾಗ್ತದೆ. ಯಾಕೆ ಅಂತ ಕೇಳ್ಬೇಡ" ಎಂದಳು. ನಾನು ಹೆದರಿ ತಲೆಯಾಡಿಸಿದೆ. ಅವಳು ಕಿಟಕಿಯತ್ತ ಒಮ್ಮೆ ನೋಡಿ, "ಅಲ್ಲ, ಕೇಳು. ಹೇಳ್ತೇನೆ" ಎಂದಳು. ಹೇಳಿದಳು ಕೂಡ. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಉಳಿದವರೂ ಪೆನ್ನು ಕೆಳಗಿಟ್ಟು ಕೇಳಿದರು.

ಸಮಾಂತರ ಶ್ರೇಢಿ ಗಣಪತಿಯದು. ಅರ್ಧದಲ್ಲಿ ನಾನು "ಇದ್ಯಾಕೆ ಹೀಂಗೆ?" ಎಂದು ಕೇಳಿದ್ದಕ್ಕೆ ಅವನ ಬಂಡಿ ನಿಂತಿತು. ಅಕ್ಕೋರ ಕಡೆ ನೋಡಿದ. ಅವರು ಹೊರಗೆ ಹೋಗುತ್ತಿದ್ದ ಎಮ್ಮೆ ನೋಡುತ್ತಿದ್ದರು. ಅವನು ಕೆಂಪಾಗಿ ಕೂತ. ಮರುದಿನ ಗಂಟೆ ಹೊಡೆಯುವ ಮೊದಲೇ ಬೋರ್ಡಿನ ಹತ್ತಿರ ನಿಂತಿದ್ದ. "ನಿನ್ನೆ ನಾ ಹೇಳಿದ್ದು ತಪ್ಪಾತು ಮಾದೇವಿ. ಮೊದ್ಲಿಂದ ಹೇಳ್ತೆ, ಕೂತ್ಕ" ಎಂದ. ಗಣಪತಿ ಗಣಿತದಲ್ಲಿ ಪಾಸಾಗುತ್ತಾನೆಂದು ಅವನ ಮನೆಯವರೂ ನಂಬಿರಲಿಲ್ಲ. ನಾನೂ ಪಾಸಾದೆ, ಅವನೂ ಪಾಸಾದ. ಪೋರ್ಷನ್ನಿನ ಕೊನೆಯ ತುಣುಕು ಮುಗಿಯಲಿಲ್ಲವೆಂದು ಅಕ್ಕೋರಿಗೆ ಮೆಮೋ ಬಂದದ್ದು ನಿಜ. ಅದನ್ನು ನಮಗೆ ಹೇಳಿದ್ದು ಶಾಲೆಯ ಜವಾನ. "ಒಬ್ಳಿಗಾಗಿ ಇಡೀ ಕ್ಲಾಸು ಹಿಂದೆ ಬಿತ್ತು ಅಕ್ಕೋರೇ" ಎಂದು ನಾನು ಅಳುಮುಖ ಮಾಡಿದರೆ, "ಹಿಂದೆ ಬಿದ್ದವ್ರು ಯಾರೇ? ಬಡಿಸಿದವ್ರಿಗಲ್ವನೇ ಪಾತ್ರೇಲಿ ಎಷ್ಟದೆ ಗೊತ್ತಾಗೂದು?" ಎಂದು ನನ್ನ ತಲೆಗೊಂದು ಮೊಟಕಿದರು.

ಪಿಯುಸಿ ಮುಗಿಸಿ, ಮದುವೆಯಾಗಿ, ನಾನೀಗ ಕುಮಟೆಯಲ್ಲಿ ಗಂಡನ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಒಂದು ದಿನ ಬಾಗಿಲಲ್ಲಿ ಗಿರಿಜಕ್ಕೋರು! ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಬ್ಬಲಿಗೆ ಮಾತ್ರ ಹಾಗೇ ಇತ್ತು. ಅಕ್ಕೋರ ಯಜಮಾನರು ಕಣ್ಣು ಮಂಜಾಗಿ ಕಾರು ಮುಟ್ಟುವ ಹಾಗಿರಲಿಲ್ಲ. "ಕಾರು ಶೆಡ್ಡಲ್ಲಿ ಕೂತು ಇಲಿ ಸಾಕ್ತಾ ಅದೆ. ನಂಗೆ ಕಲ್ಸು," ಎಂದರು. ಹೊನ್ನಾವರದಲ್ಲೇ ಕಲಿಸುವವರಿದ್ದಾರಲ್ಲ ಎಂದರೆ, "ಅವ್ರು ನನ್ನ ಹತ್ರ ಕಲ್ತವ್ರಲ್ಲ" ಎಂದು ನಕ್ಕರು.

ಇಂಥ ದಡ್ಡ ಶಿಷ್ಯೆ ನನಗೆ ಸಿಕ್ಕಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಗುಡ್ಡದ ಏರಿನಲ್ಲಿ ಗಾಡಿ ನಿಂತರೆ ಮತ್ತೆ ಏಳುತ್ತಿರಲಿಲ್ಲ. ಹಿಂದೆ ಲಾರಿಗಳ ಹಾರನ್ನು. ಒಮ್ಮೆ ನನ್ನ ತಾಳ್ಮೆ ತಪ್ಪಿ, "ಎಷ್ಟು ಸಲ ಹೇಳೂದು ಅಕ್ಕೋರೇ!" ಎಂದು ಕಿರುಚಿಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರಿಗೆ ಬೇಸರವಾಗಲಿಲ್ಲ. "ನೀ ಹೇಳಿದ್ದು ನಂಗೆ ಕೇಳ್ತು. ಕಾಲಿಗೆ ಇನ್ನೂ ಕೇಳ್ಲಿಲ್ಲ. ಮತ್ತೊಂದ್ಸಲ ಹೇಳು," ಎಂದರು. ಗಾಡಿಯನ್ನು ಮತ್ತೆ ಶುರು ಮಾಡುತ್ತಾ, "ಕಲ್ಸೂವವ್ರು ಆಗಾಗ ತಮ್ಗೆ ಬರದೇ ಇದ್ದದ್ದನ್ನ ಕಲೀಬೇಕೇ ಮಾದೇವಿ. ಇಲ್ದಿದ್ರೆ ಗೊತ್ತಾಗ್ದವ್ರ ಸಂಕ್ಟ ಮರ್ತೇ ಹೋಗ್ತದೆ. ನಂಗೂ ಮರ್ತಿತ್ತು" ಎಂದರು. ಗೊತ್ತಾಯಿತಾ ಎಂದು ನಾನು ಕೇಳಿದಾಗಲೆಲ್ಲ "ಇಲ್ಲ" ಎಂದು ಗಟ್ಟಿಯಾಗಿ ಹೇಳುತ್ತಿದ್ದವರು ಅವರೊಬ್ಬರೇ. ನಾನು ಕಲಿಸುವುದನ್ನು ನಿಜವಾಗಿ ಕಲಿತದ್ದು ಆ ತಿಂಗಳುಗಳಲ್ಲಿ.

ಕಳೆದ ಮಳೆಗಾಲದಲ್ಲಿ ಗಿರಿಜಕ್ಕೋರು ತೀರಿಕೊಂಡರು. ಮೂರೇ ದಿನದ ಜ್ವರ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವರನ್ನು ಕೊನೆಗೆ ಕಂಡದ್ದು ಲೈಸೆನ್ಸು ಬಂದ ಮರುವಾರ, ಅವರು ತಮ್ಮದೇ ಕಾರು ತಂದು ನನ್ನನ್ನು ಕುಮಟೆಯಿಂದ ಹೊನ್ನಾವರಕ್ಕೆ ಕೂರಿಸಿಕೊಂಡು ಹೋದ ದಿನ. ಸ್ಕೂಲಿನ ಗಾಡಿಯಲ್ಲಾದರೆ ನನ್ನ ಕಾಲಡಿಯೂ ಒಂದು ಬ್ರೇಕು ಇರುತ್ತದೆ, ಅದರಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ಬರೀ ನೆಲವನ್ನೇ ಒತ್ತಿದೆ. ಅವರು ನಿಧಾನವಾಗಿ, ಒಂದೇ ಒಂದು ತಪ್ಪಿಲ್ಲದೆ ಬಿಟ್ಟರು.

ಹೊನ್ನಾವರ ಪೇಟೆಯನ್ನೂ ದಾಟಿ ಶರಾವತಿ ಸೇತುವೆಯ ಈಚೆ ಬದಿಗೆ ನಿಲ್ಲಿಸಿ, "ಇನ್ನು ನೀ ಇಳಿ," ಎಂದರು.

"ಮನೆ ತನಕ ಬತ್ತೆ ಅಕ್ಕೋರೇ. ನಂತ್ರ ಬಸ್ಸಿಗೆ ಹೋಗ್ತೆ."

"ಬ್ಯಾಡ. ಸೇತುವೆ ಮೇಲೆ ಒಬ್ಳೇ ಒಮ್ಮೆ ಹೋಗಿ ಬತ್ತೆ. ನೀ ಪಕ್ಕಕ್ಕಿದ್ರೆ ನಂಗೆ ಬಂತೋ ಇಲ್ಲೋ ಹೇಳಿ ಗೊತ್ತಾಗೂದು ಹೆಂಗೆ?"

ಇಳಿದೆ. ಕನ್ನಡಿ ಸರಿಮಾಡಿಕೊಂಡು, ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ನಾನು ಹೇಳಿಕೊಟ್ಟದ್ದನ್ನೆಲ್ಲ ಒಂದೂ ಬಿಡದೆ ಮಾಡಿ ಅವರು ಹೊರಟರು. ನಾನು ರಸ್ತೆ ಬದಿಯ ಮಣ್ಣನ್ನು ಬಲಗಾಲಿನಿಂದ ಒತ್ತುತ್ತಾ ನಿಂತೆ. ಒಬ್ಬರನ್ನು ಬಿಟ್ಟು ಮುಂದೆ ಹೋಗುವ ಕ್ರಮವಿಲ್ಲದ ಅಕ್ಕೋರು ನನ್ನನ್ನು ಬಿಟ್ಟು ಮುಂದೆ ಹೋದರು.