ಕಾಗದ ಎಳೆಯುವ ಗುಡ್‌ಬ್ರಾಂಡ್

ಮೊದಲ ಹಿಮ ಬಿದ್ದ ಕೂಡಲೆ ಊರಿನವರೆಲ್ಲ ಗುಡ್‌ಬ್ರಾಂಡನ ಸ್ಕೀ ಅಂಗಡಿಗೆ ಬರಲೇಬೇಕು, ಬಂದವರೆಲ್ಲ ತಮ್ಮ ತೂಕದ ಬಗ್ಗೆ ಸುಳ್ಳು ಹೇಳಲೇಬೇಕು. "ಮಾತು ಸಾಕು, ಹತ್ತಿ ನಿಲ್ಲಿ!" ಎಂದು ಗದರಿ, ನಡುವೆ ಬಿಲ್ಲಿನಂತೆ ಎದ್ದಿರುವ ಸ್ಕೀ ಹಲಗೆಯ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ, ನೆಲದಲ್ಲಿ ಕೂತು ಅದರ ಅಡಿಯಲ್ಲಿಟ್ಟ ಕಾಗದ ಎಳೆಯುತ್ತಾನೆ. ಭಾರಕ್ಕೆ ಹಲಗೆ ನೆಲಕ್ಕೊತ್ತಿ ಕಾಗದ ಅಲ್ಲಾಡದಿದ್ದರೆ ಸ್ಕೀ ಹಿಮವನ್ನು ಕಚ್ಚುತ್ತದೆ. ಸಲೀಸಾಗಿ ಬಂದರೆ ಆಸಾಮಿ ಹಗುರ, ಸ್ಕೀಗೆ ಬೂಟು ಸಿಕ್ಕಿಸುವ ಕೊಂಡಿಯನ್ನು ಒಂದಿಷ್ಟು ಮುಂದೆ ಕೂರಿಸಬೇಕು. "ಚೀಸು ಕಡಿಮೆ ತಿನ್ನಿ" ಎಂದು ಪಾದ್ರಿಯನ್ನೇ ಕೆಳಗಿಳಿಸಿದವನು. ಹೋದ ಚಳಿಗಾಲ ಕಾಯಿಲೆಯಿಂದ ಎದ್ದ ಹೆಂಡತಿ ಟೋರುನ್ ನಿಂತಾಗ ಕಾಗದ ಸರ್ರನೆ ಜಾರಿ ಬಂತು. "ಕೊಂಡಿ ಮುಂದಕ್ಕೆ ಹಾಕ್ಬಿಡೋ," ಎಂದಳು. "ಆಗಲ್ಲ. ಕೊಂಡಿ ಅಲ್ಲೇ ಇರ್ಲಿ, ನೀನು ಮೈ ತುಂಬ್ಕೊಂಡು ಬಾ," ಎಂದವನು ಕೊಂಡಿಗೆ ತೂತು ಕೊರೆಯುವ ಡ್ರಿಲ್ ಮುಟ್ಟಲೇ ಇಲ್ಲ. ಈ ವರ್ಷ ಅವಳು ಮತ್ತೆ ಹತ್ತಿ ನಿಂತಳು. ಎಳೆದ ಕಾಗದ ಹರಿದು ಅರ್ಧವಷ್ಟೇ ಕೈಗೆ ಬಂತು. "ದಪ್ಪ ಆಗಿದೀಯ ಕಣೇ!" ಎಂದ ಗುಡ್‌ಬ್ರಾಂಡ್, ನೆಲದ ಮೇಲೇ ಅವಳ ಬೂಟು ಹಿಡಿದು ಕೂತುಬಿಟ್ಟ.