ಅಮಾವಾಸ್ಯೆಯಂದು ಹೊರಟ ಎರಡು ಪಾಯಿಂಟ್ ಎರಡು

ನಮ್ಮ ಮನೆತನದಲ್ಲಿ ಡಿಗ್ರಿ ಸರ್ಟಿಫಿಕೇಟು ಕೈಯಲ್ಲಿ ಹಿಡಿದವನು ನಾನೇ ಮೊದಲು. ಗಣಿತ ಮೂರನೇ ಸಲಕ್ಕೆ ಪಾಸಾಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನಂಜನಗೂಡಿನ ಒಂದು ಸಣ್ಣ ಕಂಪ್ಯೂಟರ್ ಆಫೀಸು ಸೇರಿದೆ. ನಮ್ಮೂರು ದೇವನೂರಿನಿಂದ ಬೆಳಗಿನ ಬಸ್ಸು, ಸಂಜೆಯ ಬಸ್ಸು.

ಹೈಸ್ಕೂಲುಗಳಿಗೆ ಮಾರ್ಕ್ಸ್ ಕಾರ್ಡ್ ಅಚ್ಚುಮಾಡುವ ಸಾಫ್ಟ್‌ವೇರ್ ನಮ್ಮದು. ಸಿದ್ಧವಾದ ಪ್ರತಿ ಆವೃತ್ತಿಗೂ, ಅಂದರೆ ವರ್ಷನ್‌ಗೂ ನಂಬರು ಕೊಟ್ಟು ಸರ್ವರಿನ ಒಂದು ಫೋಲ್ಡರಿನಲ್ಲಿಡಬೇಕು. ಶಾಲೆಗೆ ಹೋಗುವ ಸಿ.ಡಿ. ಅಲ್ಲಿಂದಲೇ ಆಗಬೇಕು. ಆ ಫೋಲ್ಡರಿಗೆ ರೆಪಾಸಿಟರಿ ಎನ್ನುತ್ತಿದ್ದೆವು. ಆಫೀಸಿನ ಯಜಮಾನರು ಅದನ್ನು ನೋಡಿಕೊಳ್ಳುವ ಕೆಲಸವನ್ನು ಒಂದು ತಿಂಗಳ ಪರೀಕ್ಷೆಗೆಂದು ನನಗೆ ಒಪ್ಪಿಸಿದ್ದರು. ಸರಿಹೋಗದಿದ್ದರೆ ಮತ್ತೆ ಟೈಪು ಮಾಡುವ ಕುರ್ಚಿಗೇ.

ಆಫೀಸಿನಲ್ಲಿ ಎಲ್ಲೂ ಬರೆದಿಡದ ನಿಯಮವೊಂದಿತ್ತು: ಅಮಾವಾಸ್ಯೆ ದಿನ ಹೊಸ ವರ್ಷನ್ ಹೊರಡಬಾರದು.

ತಿಂಗಳು ಮುಗಿಯುವ ವಾರ, ಅಮಾವಾಸ್ಯೆ ಬೆಳಿಗ್ಗೆಯೇ, ಎರಡು ಪಾಯಿಂಟ್ ಒಂದು ಎಂಬ ನಂಬರಿನ ವರ್ಷನ್ನಿನಲ್ಲಿ ತಪ್ಪು ಕಂಡೆ. ಪರೀಕ್ಷೆಗೆ ಗೈರಾದವರನ್ನೂ ಅದು ಪಾಸು ಮಾಡುತ್ತಿತ್ತು. ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಆದರೆ ಹೊಸ ನಂಬರು ಕೊಡುವಂತಿಲ್ಲವಲ್ಲ! ಹಳೆಯದರ ಮೇಲೆಯೇ, ಅದೇ ಹೆಸರಿನಲ್ಲಿ ಹೊಸದನ್ನು ಕೂರಿಸಿದೆ. ನಂಬರು ಹಳೆಯದು, ಹಾಗಾಗಿ ದೋಷವಿಲ್ಲ ಎಂದುಕೊಂಡು ಬೀಗಿದೆ. ಹಿಂದಿನ ಸಂಜೆಯೇ ಯಜಮಾನರು ಟಿ. ನರಸೀಪುರದ ಒಂದು ಶಾಲೆಗೆ ತಪ್ಪಿದ್ದ ಎರಡು ಪಾಯಿಂಟ್ ಒಂದರ ಸಿ.ಡಿ. ಕೊಟ್ಟು ಬಂದಿದ್ದು ನನಗೆ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಆ ಶಾಲೆಯ ಗುಮಾಸ್ತರ ಫೋನು. ಮೂರು ಗಂಟೆಗೆ ಪೋಷಕರ ಸಭೆ, ಕಾರ್ಡು ತಪ್ಪು ಬರುತ್ತಿದೆ ಎಂದರು. ಎರಡು ಪಾಯಿಂಟ್ ಒಂದು ಕಳಿಸುತ್ತೇನೆ, ಹಾಕಿಕೊಳ್ಳಿ, ಸರಿಯಾಗುತ್ತದೆ ಎಂದೆ, ಧೈರ್ಯವಾಗಿ.

"ನಮ್ಮತ್ರ ಇರೋದೂ ಅದೇ ಕಣ್ರೀ ಸಾ. ಎರಡು ಸಲ ಆಕ್ದೆ. ಮ್ಯಾತ್ಸ್ ಪರೀಕ್ಷೆ ದಿನ ಮನೇಲಿ ಮಲ್ಗಿದ್ದೋನ್ನ ಪಾಸು ಅಂತದೆ."

ಮೂರನೇ ಸಲವೂ ಹಾಕಿಸಿದೆ. ಕೊನೆಗೆ ಫೈಲಿನ ತಾರೀಖು ಓದಿಸಿದೆ; ಅದು ನಾನು ತಿದ್ದುವುದಕ್ಕೆ ಮುಂಚಿನದು. ಒಂದೇ ನಂಬರಿನಲ್ಲಿ ಎರಡು ಸಾಫ್ಟ್‌ವೇರು ಇದ್ದವು, ಯಾವುದು ಯಾವುದೆಂದು ಕೇಳಿದರೆ ಹೇಳುವ ದಾರಿಯನ್ನು ನಾನೇ ಮುಚ್ಚಿದ್ದೆ.

ಯಜಮಾನರು ದೇವಸ್ಥಾನದಿಂದ ಬರುವುದನ್ನೇ ಕಾದು, ಎಲ್ಲವನ್ನೂ ಒಪ್ಪಿಕೊಂಡೆ. ಅವರು ಹಣೆಯ ವಿಭೂತಿ ಮುಟ್ಟಿಕೊಂಡರು.

"ಹೊಸ ನಂಬರ್ ಕೊಡಯ್ಯ."

"ಅಮಾಸೆ ಸಾ."

"ನನಗೆ ಗೊತ್ತಿಲ್ವಾ? ಕೊಡು. ಬಸ್ಸು ಹಿಡಿ."

ಎರಡು ಪಾಯಿಂಟ್ ಎರಡರ ಸಿ.ಡಿ.ಯನ್ನು ಅಂಗಿಯೊಳಗಿಟ್ಟುಕೊಂಡು ನರಸೀಪುರ ತಲುಪಿದಾಗ ಎರಡಾಗಿತ್ತು. ಕೊನೆಯ ಕಾರ್ಡು ಪ್ರಿಂಟರಿನಿಂದ ಈಚೆ ಬರುವಾಗ ಅಂಗಳದಲ್ಲಿ ಪೋಷಕರ ಚಪ್ಪಲಿಗಳ ಸದ್ದು. ನಡೆದದ್ದನ್ನು ಕೇಳಿದ ಗುಮಾಸ್ತರು ಬಿದ್ದುಬಿದ್ದು ನಕ್ಕರು. "ಅಮಾಸೆ ದಿನ ಹೊಸದು ಕೊಡಬಾರ್ದು, ಕಲಬೆರಕೆ ಕೊಡಬೋದೇನ್ ಸಾ?"

ಮಾರನೆಯ ದಿನ ಹೊಸ ನಿಯಮ ಬರೆದು ಸರ್ವರಿಗೆ ಅಂಟಿಸಿದೆ: ಹೊರಗೆ ಹೋದ ನಂಬರನ್ನು ಯಾರೂ ಮುಟ್ಟಬಾರದು, ಒಂದು ಚುಕ್ಕೆ ತಿದ್ದಿದರೂ ಹೊಸ ನಂಬರು. ಯಜಮಾನರು ಎರಡು ಸಲ ಓದಿದರು. ಟೈಪಿಂಗ್ ಕುರ್ಚಿಗೆ ಬೇರೆ ಯಾರನ್ನಾದರೂ ಹುಡುಕಬೇಕು ಎಂದು ಗೊಣಗುತ್ತಾ ಒಳಗೆ ಹೋದರು.